ಯೀಸ್ಟಿನ ಸೋಡಿಯಂ ಪಂಪ್: ಈನಾ1 ಜೀನ್ ಜೊತೆ ನನ್ನ ಅನುಭವ

ಉಪ್ಪು ಜಾಸ್ತಿಯಾದರೆ ಯೀಸ್ಟಿಗೆ ಎರಡು ಕಷ್ಟ ಒಟ್ಟಿಗೇ ಬರುತ್ತವೆ. ಹೊರಗಿನ ಉಪ್ಪು ಕೋಶದೊಳಗಿನ ನೀರನ್ನು ಎಳೆದುಕೊಳ್ಳುತ್ತದೆ. ಜೊತೆಗೆ ಸೋಡಿಯಂ ಒಳಗೆ ನುಗ್ಗಿ ವಿಷವಾಗುತ್ತದೆ. ಈನಾ1 ನೋಡಿಕೊಳ್ಳುವುದು ಈ ಎರಡನೆಯ ಕಷ್ಟವನ್ನು. ಹಾಗಾಗಿ ಎರಡನ್ನೂ ಬಿಡಿಸಿ ನೋಡದಿದ್ದರೆ ಉಪ್ಪಿನ ಪ್ಲೇಟ್ ಮೇಲೆ ಯೀಸ್ಟ್ ಸತ್ತದ್ದು ಯಾವುದರಿಂದ ಅಂತ ಹೇಳಲು ಬರುವುದಿಲ್ಲ. ನನ್ನ ಕೆಲಸದ ಬಹುಪಾಲು ಈ ಬಿಡಿಸುವಿಕೆಯೇ ಆಗಿತ್ತು.

ಈನಾ1 ಒಂದು ಪಂಪ್‌ನ ಜೀನ್. ಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಖರ್ಚು ಮಾಡಿ ಸೋಡಿಯಂ, ಲಿಥಿಯಂ ಎರಡನ್ನೂ ಹೊರಗೆ ದಬ್ಬುತ್ತದೆ. ಸೋಡಿಯಂ ಹೊರಹಾಕುವುದು ಇದರ ಕೆಲಸ ಎಂದು 1991ರಲ್ಲಿ ತೋರಿಸಿದ್ದು ಸ್ಪೇನಿನ ಅಲೊನ್ಸೊ ರೊಡ್ರಿಗೆಜ್-ನವಾರೊ ಅವರ ತಂಡ. ನಾಲ್ಕನೇ ಕ್ರೋಮೋಸೋಮಿನಲ್ಲಿ ಇದರ ಪಕ್ಕದಲ್ಲೇ ಇದರಂಥವೇ ಬೇರೆ ಪ್ರತಿಗಳೂ ಸಾಲಾಗಿ ಕೂತಿವೆ. ನಾನು ಬಳಸಿದ ಬಿವೈ4742 ಎಂಬ ಪ್ರಯೋಗಾಲಯದ ಯೀಸ್ಟ್ ತಳಿ ಬರುವ ಎಸ್288ಸಿ ವಂಶದಲ್ಲಿ ಈನಾ1, ಈನಾ2, ಈನಾ5 ಇವೆ. ಉಪ್ಪು ತಾಕಿದಾಗ ಜೋರಾಗಿ ಎದ್ದು ಕೆಲಸ ಮಾಡುವುದು ಈನಾ1. ಆದರೂ ನಾನು ಇಡೀ ಸಾಲನ್ನೇ ತೆಗೆದೆ. ಸಾಲು ಹೋಯಿತೇ ಅಂತ ನೋಡುವ ಪಿಸಿಆರ್ (ಡಿಎನ್ಎ ತುಣುಕನ್ನು ನಕಲು ಮಾಡುವ) ಪರೀಕ್ಷೆಯಲ್ಲಿ, ನಕಲು ಶುರುವಾಗುವ ಜಾಗ ಗುರುತಿಸುವ ಪ್ರೈಮರ್‌ಗಳನ್ನು ಸಾಲಿನ ಎರಡೂ ತುದಿಗಳ ಆಚೆಗೆ ಇಟ್ಟೆ. ಒಳಗೆ ಇಟ್ಟರೆ ಪ್ರತಿಗಳೆಲ್ಲ ಒಂದೇ ಥರ ಇರುವುದರಿಂದ ಯಾವುದು ಬಂತು ಅಂತ ಗೊತ್ತಾಗುವುದಿಲ್ಲ.

ಮುಖ್ಯವಾದದ್ದು ಪ್ಲೇಟುಗಳು. ಯೀಸ್ಟ್ ಬೆಳೆಸುವ ಮಾಮೂಲಿ ಆಹಾರವಾದ ವೈಪಿಡಿ ಅಗಾರ್‌ನಲ್ಲಿ ಅರ್ಧ ಮೋಲಾರ್ ಸೋಡಿಯಂ ಕ್ಲೋರೈಡ್, ಅಂದರೆ ಲೀಟರಿಗೆ ಸುಮಾರು 29 ಗ್ರಾಂ. ಅದರ ಜೋಡಿಗೆ ಸಕ್ಕರೆಯಂಥ, ಅಯಾನುಗಳಾಗಿ ಒಡೆಯದ ಸಾರ್ಬಿಟಾಲ್, 1 ಮೋಲಾರ್, ಲೀಟರಿಗೆ 182 ಗ್ರಾಂ. ಉಪ್ಪು ನೀರಿನಲ್ಲಿ ಎರಡು ಅಯಾನುಗಳಾಗಿ ಒಡೆಯುತ್ತದೆ, ಅದಕ್ಕೇ ಸಾರ್ಬಿಟಾಲ್ ಎರಡರಷ್ಟು ಬೇಕು. ಆಗ ನೀರೆಳೆಯುವ ಬಲ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಸಾರ್ಬಿಟಾಲ್ ಕರಗಿದಾಗ ದ್ರವದ ಮಟ್ಟ ಬಹಳ ಏರುತ್ತದೆ. ಮೊದಲು ಕಡಿಮೆ ನೀರಿನಲ್ಲಿ ಕರಗಿಸಿ, ಆಮೇಲೆ ಒಂದು ಲೀಟರಿಗೆ ತುಂಬಿಸಿ. ಮೂರನೆಯದು ಅರ್ಧ ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್, ಅದೂ ಉಪ್ಪೇ, ಆದರೆ ಸೋಡಿಯಂ ಇಲ್ಲದ್ದು. ನಾಲ್ಕನೆಯದು 50 ಮಿಲಿಮೋಲಾರ್ ಲಿಥಿಯಂ ಕ್ಲೋರೈಡ್. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ನಂಬಿಕಸ್ತ ಪ್ಲೇಟ್. ಅಷ್ಟು ಕಡಿಮೆ ಲಿಥಿಯಂ ನೀರೆಳೆಯುವ ತೊಂದರೆಯನ್ನು ಹೆಚ್ಚೇನೂ ಮಾಡುವುದಿಲ್ಲ, ವಿಷ ಮಾತ್ರ ಆಗುತ್ತದೆ.

ಕಲ್ಚರನ್ನು ಹತ್ತು ಹತ್ತು ಪಟ್ಟು ತೆಳು ಮಾಡುತ್ತಾ ಹೋಗಿ, 5 ಮೈಕ್ರೋಲೀಟರ್‌ನಂತೆ ಸ್ಪಾಟ್ ಇಟ್ಟು, 30 ಡಿಗ್ರಿಯಲ್ಲಿ ಬಿಟ್ಟೆ. ಈನಾ ಇಲ್ಲದ ತಳಿ ಮತ್ತು ಯಾವ ಜೀನನ್ನೂ ತೆಗೆಯದ ವೈಲ್ಡ್ ಟೈಪ್ ಜೊತೆಗೆ, ಹಾಗ್1 ಎಂಬ ಜೀನ್ ಇಲ್ಲದ ತಳಿಯನ್ನೂ ಪಕ್ಕದಲ್ಲಿ ಇಟ್ಟೆ. ಇದನ್ನು ಬಿಡಲೇಬೇಡಿ ಅಂತ ನನ್ನ ಸಲಹೆ. ನೀರಿನ ಒತ್ತಡ ಸಹಿಸಲಾರದ ಆ ತಳಿ ಸಾರ್ಬಿಟಾಲ್ ಮೇಲೂ ಸೊರಗಿತು. ಈನಾ ಇಲ್ಲದ ತಳಿ ಮಾತ್ರ ಸಾರ್ಬಿಟಾಲ್, ಪೊಟ್ಯಾಸಿಯಂ ಎರಡರ ಮೇಲೂ ಚೆನ್ನಾಗಿ ಬೆಳೆದು, ಸೋಡಿಯಂ ಮತ್ತು ಲಿಥಿಯಂ ಮೇಲೆ ನಿಂತೇಹೋಯಿತು. ಆ ಪ್ಲೇಟುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಆದ ಖುಷಿ ಅಷ್ಟಿಷ್ಟಲ್ಲ. ಉಪ್ಪಿನ ಮೇಲೆ ವೈಲ್ಡ್ ಟೈಪ್ ಕೂಡ ನಿಧಾನ, ಹಾಗಾಗಿ ಒಂದೇ ದಿನದ ಫೋಟೋ ಸಾಲದು.

ಪಿಎಚ್ ಕಡೆಗೂ ಗಮನ ಇರಲಿ. ಮಾಧ್ಯಮ ಹುಳಿಯಾಗಿದ್ದರೆ ಎನ್‌ಎಚ್‌ಎ1 ಎಂಬ ಇನ್ನೊಂದು ಸಾಗಣೆದಾರ, ಪ್ರೋಟಾನನ್ನು ಒಳಗೆ ಬಿಟ್ಟುಕೊಂಡು ಸೋಡಿಯಂ ಹೊರಹಾಕುತ್ತದೆ. ಆಗ ಈನಾ ಇಲ್ಲದ ಕೊರತೆ ಅಷ್ಟು ಕಾಣುವುದಿಲ್ಲ. ಪಿಎಚ್ 7ರ ಹತ್ತಿರ ವ್ಯತ್ಯಾಸ ಎದ್ದು ಕಾಣುತ್ತದೆ. ಪಿಎಚ್ ಹಿಡಿದಿಡಲು ಪೊಟ್ಯಾಸಿಯಂ ಫಾಸ್ಫೇಟ್ ಬೇಡ. ಪೊಟ್ಯಾಸಿಯಂ ಹೆಚ್ಚಾದರೆ ಸೋಡಿಯಂ ವಿಷ ತಗ್ಗುತ್ತದೆ, ಲೆಕ್ಕವೆಲ್ಲ ಏರುಪೇರು. ನಾನು ಪೊಟ್ಯಾಸಿಯಂ ಇಲ್ಲದ ಟ್ರಿಸ್ ಬಫರ್ ಬಳಸಿದೆ.

ಒಳಗೆ ಹೋದ ಸೋಡಿಯಂ ನಿಜಕ್ಕೂ ಏನನ್ನು ಕೆಡಿಸುತ್ತದೆ? ಒಂದು ಉತ್ತರ ಹಾಲ್2 ಎಂಬ ಕಿಣ್ವ. ಗಂಧಕ ಬಳಸಿ ಮೆಥಿಯೊನಿನ್ ಎಂಬ ಅಮೈನೊ ಆಮ್ಲ ಮಾಡುವ ದಾರಿಗೆ ಇದು ಬೇಕು. ಸೋಡಿಯಂ ಇದನ್ನು ತಡೆಯುತ್ತದೆ. ಲಿಥಿಯಂ ಅದಕ್ಕಿಂತ ತೀರಾ ಕಡಿಮೆ ಪ್ರಮಾಣದಲ್ಲೇ ತಡೆಯುತ್ತದೆ, 50 ಮಿಲಿಮೋಲಾರ್ ಸಾಕಾಗಲು ಇದೂ ಒಂದು ಕಾರಣ. ಏನೇನು ಹಾಕಿದ್ದೇವೆ ಅಂತ ಪೂರ್ತಿ ಗೊತ್ತಿರುವ ಸಿಂಥೆಟಿಕ್ ಮಾಧ್ಯಮಕ್ಕೆ ಮೆಥಿಯೊನಿನ್ ಹಾಕಿದಾಗ ವೈಲ್ಡ್ ಟೈಪ್ ಉಪ್ಪಿನಲ್ಲೂ ಚುರುಕಾಯಿತು. ಬಿವೈ4741 ಎಂಬ ಸೋದರ ತಳಿ ಇದ್ದವರು ಈ ಪರೀಕ್ಷೆಗೆ ಅದನ್ನು ಬಳಸಬೇಡಿ. ಅದಕ್ಕೆ ಉಪ್ಪಿಲ್ಲದಿದ್ದರೂ ಮೆಥಿಯೊನಿನ್ ಬೇಕೇ ಬೇಕು, ಹೋಲಿಕೆಗೆ ಮೆಥಿಯೊನಿನ್ ಇಲ್ಲದ ಪ್ಲೇಟೇ ಸಿಗುವುದಿಲ್ಲ ಅಲ್ವಾ? ಬಿವೈ4742ಗೆ ಆ ತೊಂದರೆ ಇಲ್ಲ.