ಹಂಪ್ ಮೇಲೆ ಸುಮ್ಮನಿರುವ ಟಕ್ ಟಕ್

ನನ್ನ ಕಾರಿಗೆ 16 ವರ್ಷ. ಮುಂದಿನ ಎಡಗಡೆಯಿಂದ ಟಕ್ ಟಕ್ ಅಂತ ಸದ್ದು ಶುರುವಾಯಿತು, ಅದೂ ನಿಧಾನಕ್ಕೆ ಹೋಗುವಾಗ ಮಾತ್ರ. ಜೋರಾಗಿ ಹಾಡು ಹಾಕಿದರೆ ಕೇಳಿಸುತ್ತಿರಲಿಲ್ಲ. ಹಾಗಾಗಿ ಒಂದು ತಿಂಗಳು ಹಾಡು ಕೇಳಿಕೊಂಡೇ ಓಡಿಸಿದೆ.

ಡಿಕ್ಕಿಯಲ್ಲಿದ್ದ ಜ್ಯಾಕ್, ಸ್ಪ್ಯಾನರ್, ಸ್ಟೆಪ್ನಿ ಎಲ್ಲ ಹೊರಗಿಟ್ಟು ನೋಡಿದೆ. ಸದ್ದು ಹೋಗಲಿಲ್ಲ. ಹಳೆ ಕಾರಲ್ವಾ, ಶಾಕ್ ಅಬ್ಸಾರ್ಬರ್ ಹೋಗಿರಬೇಕು ಅಂತ ನಾನೇ ತೀರ್ಮಾನ ಮಾಡಿ ಮುಂದಿನ ಎರಡನ್ನೂ ಬದಲಿಸಿದೆ. ಕಾರು ಮೆತ್ತಗೆ ಓಡತೊಡಗಿತು. ಟಕ್ ಟಕ್ ಮಾತ್ರ ಹಾಗೇ ಇತ್ತು.

ಸದ್ದು ಎಲ್ಲಿಂದ ಬರುತ್ತಿದೆ ಅಂತ ಹುಡುಕಿದ್ದೇ ನನ್ನ ತಪ್ಪು. ಕಬ್ಬಿಣದ ಬಾಡಿಯಲ್ಲಿ ಸದ್ದು ಎಲ್ಲೋ ಹುಟ್ಟಿ ಇನ್ನೆಲ್ಲೋ ಕೇಳಿಸುತ್ತದೆ. ಯಾವಾಗ ಬರುತ್ತದೆ ಅನ್ನುವುದು ಮಾತ್ರ ಮೋಸ ಮಾಡುವುದಿಲ್ಲ. ಎರಡು ದಿನ ಹಾಡು ಬಂದ್ ಮಾಡಿ, ಕಿಟಕಿ ಇಳಿಸಿ ಓಡಿಸಿದೆ. ವಿಚಿತ್ರ ಅಂದರೆ, ದೊಡ್ಡ ಹಂಪ್ ಹತ್ತಿಳಿದರೂ ಸದ್ದಿಲ್ಲ. ಒಂದೇ ಚಕ್ರ ಚಿಕ್ಕ ಗುಂಡಿಗೆ ಇಳಿದರೆ ಟಕ್!

ಅಲ್ಲಿ ತಲೆ ಓಡಿತು. ಎಡ ಬಲ ಚಕ್ರಗಳನ್ನು ಜೋಡಿಸುವ ಸ್ಟೆಬಿಲೈಜರ್ ಬಾರ್ ಇದೆಯಲ್ಲ, ಹಂಪ್ ಮೇಲೆ ಎರಡೂ ಚಕ್ರ ಒಟ್ಟಿಗೆ ಏಳುವಾಗ ಅದಕ್ಕೆ ಹೆಚ್ಚು ಕೆಲಸವಿಲ್ಲ. ಒಂದೇ ಚಕ್ರ ಎದ್ದಾಗ ಅಥವಾ ಇಳಿದಾಗ ಬಾರ್ ತಿರುಚುತ್ತದೆ, ಅದರ ತುದಿಯನ್ನು ಚಕ್ರದ ಕಡೆಗೆ ಜೋಡಿಸುವ ಚಿಕ್ಕ ಸರಳು, ಅಂದರೆ ಲಿಂಕ್ ರಾಡ್ ಮೇಲೆ ಎಳೆತ ಬೀಳುತ್ತದೆ. ಲಿಂಕ್ ಸವೆದಿದ್ದರೆ ಕುಟ್ಟುವುದು ಆಗಲೇ.

ಮೊದಲು ಒಂದು ಕಡೆ ಮಾತ್ರ ಜ್ಯಾಕ್ ಹಾಕಿ ಎತ್ತಿ ಲಿಂಕ್ ಅಲ್ಲಾಡಿಸಿದ್ದೆ, ಕಲ್ಲಿನ ಹಾಗೆ ಗಟ್ಟಿ. ಒಂದೇ ಚಕ್ರ ಎತ್ತಿದಾಗ ಬಾರ್ ಬಿಗಿಯಾಗಿ ಲಿಂಕನ್ನು ಎಳೆದು ಹಿಡಿದಿರುತ್ತದೆ, ಜಾಯಿಂಟ್ ಸಡಿಲವಾಗಿದ್ದರೂ ಗೊತ್ತಾಗುವುದಿಲ್ಲ. ಈ ಸಲ ಕಾರನ್ನು ನೆಲದ ಮೇಲೇ ಬಿಟ್ಟೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಇಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದೆ. ತಮ್ಮನಿಗೆ ಕಾರನ್ನು ಪಕ್ಕದಿಂದ ಪಕ್ಕಕ್ಕೆ ತೂಗಲು ಹೇಳಿ ಲಿಂಕಿನ ಜಾಯಿಂಟ್ ಮೇಲೆ ಬೆರಳಿಟ್ಟೆ. ಕಿವಿಗೆ ಏನೂ ಕೇಳಲಿಲ್ಲ, ಬೆರಳಿಗೆ ಸಣ್ಣಗೆ ಟಕ್ ಅಂತ ತಾಗಿತು. ಶಾಕ್ ಅಬ್ಸಾರ್ಬರ್ ಬಿಚ್ಚುವಾಗ ಇದೇ ಲಿಂಕನ್ನು ಕಳಚಿ, ಮತ್ತೆ ಅದನ್ನೇ ಹಾಕಿದ್ದೆ ಅಂತ ನೆನಪಾಗಿ ಮುಖ ಸಪ್ಪೆಯಾಯಿತು.

ಬಿಚ್ಚುವಾಗ ಮುಂದಿನ ಎರಡೂ ಕಡೆ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿದೆ. ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ಹೋಗುವುದು ಬೇಡವೇ ಬೇಡ. ನಟ್ ಜೊತೆ ಲಿಂಕಿನ ಪಿನ್ನೂ ಸುತ್ತತೊಡಗಿತು. ಪಿನ್ನಿನ ತುದಿಯ ತೂತಿಗೆ ಅಲೆನ್ ಕೀ ಹಾಕಿ ಹಿಡಿದುಕೊಂಡ ಮೇಲೆ ನಟ್ ಬಂತು. ಎರಡೂ ಕಡೆ ಹೊಸ ಲಿಂಕ್ ಹಾಕಿದೆ. ಟಕ್ ಟಕ್ ನಿಂತಿತು.

ನಿಂತ ಮೇಲೆ ಇನ್ನೊಂದು ಕೇಳಿಸಿತು! ಕೆಟ್ಟ ರಸ್ತೆಯಲ್ಲಿ ಸಣ್ಣಗೆ ಕಟಕಟ. ಓಡುತ್ತಿರುವಾಗಲೇ ಬ್ರೇಕ್ ಪೆಡಲ್ ಮೇಲೆ ಸ್ವಲ್ಪ ಕಾಲಿಟ್ಟರೆ ಮಾಯ. ಬ್ರೇಕ್ ಹಿಡಿದಾಗ ಪ್ಯಾಡ್ ಡಿಸ್ಕಿಗೆ ಒತ್ತಿಕೊಂಡು ಅಲುಗಾಡುವುದು ನಿಲ್ಲುತ್ತದೆ, ಹಾಗಾಗಿ ಅನುಮಾನ ಪ್ಯಾಡ್‌ಗಳನ್ನು ಹಿಡಿದು ಒತ್ತುವ ಕ್ಯಾಲಿಪರ್ ಮೇಲೇ ಬಂತು. ಬಿಚ್ಚಿ ನೋಡಿದರೆ ಪ್ಯಾಡ್ ಹಿಡಿದಿಡುವ ಸ್ಪ್ರಿಂಗ್ ಕ್ಲಿಪ್ ಒಂದು ಇರಲೇ ಇಲ್ಲ. ಹಿಂದೆ ಪ್ಯಾಡ್ ಬದಲಿಸಿದ್ದು ನಾನೇ, ಬೇರೆ ಯಾರನ್ನು ಬೈಯಲಿ? ಜೊತೆಗೆ ಒಳಗಿನ ಪ್ಯಾಡ್ 3 ಮಿ.ಮೀ. ಉಳಿದಿತ್ತು, ಹೊರಗಿನದು 7. ಕ್ಯಾಲಿಪರ್ ಆಚೀಚೆ ಸರಿಯಲು ಇರುವ ಸ್ಲೈಡ್ ಪಿನ್ ಒಣಗಿ ಕಚ್ಚಿಕೊಂಡಿತ್ತು. ಅದನ್ನು ಉಜ್ಜಿ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿದೆ. ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಳ್ಳುತ್ತದೆ. ಎರಡೂ ಚಕ್ರಗಳಿಗೆ ಹೊಸ ಪ್ಯಾಡ್, ಹೊಸ ಕ್ಲಿಪ್ ಹಾಕಿದೆ.

ಹೊಸ ಪ್ಯಾಡಿಗೆ ಜಾಗ ಮಾಡಲು ಪ್ಯಾಡನ್ನು ಒತ್ತುವ ಪಿಸ್ಟನ್ ಹಿಂದಕ್ಕೆ ತಳ್ಳಿದ್ದೆ, ಹಾಗಾಗಿ, ಮೊದಲ ಸಲ ಒತ್ತಿದಾಗ ಪೆಡಲ್ ಸೀದಾ ಕೆಳಗೆ ಹೋಯಿತು. ನಾಲ್ಕೈದು ಸಲ ಒತ್ತಿ ಗಟ್ಟಿಯಾದ ಮೇಲೇ ಗೇರ್ ಹಾಕಿದೆ.