ಓದೋರು ಒಬ್ರು, ವೋಟ್ ಹಾಕೋರು ಇನ್ನೊಬ್ರು: ಹೈವ್‌ನಲ್ಲಿ ಬರೆದ ನನ್ನ ಅನುಭವ

ನಾನು ಹೈವ್‌ನಲ್ಲಿ ಬರೆಯೋಕೆ ಶುರು ಮಾಡಿದ್ದು ಲಾಕ್‌ಡೌನ್ ಮುಗಿದು ಅಂಗಡಿ ಶಟರ್ ಎತ್ತಿದ್ರೂ ಗಿರಾಕಿ ಬರದೇ ಇದ್ದ ಟೈಮಲ್ಲಿ. ದಾವಣಗೆರೆಲಿ ನಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ. ಸ್ಕೂಲು ಕಾಲೇಜು ಬಂದ್ ಆದ್ರೆ ನಮ್ಮ ಕಥೆ ಏನಾಗುತ್ತೆ ಅಂತ ಹೇಳೋದೇ ಬೇಡ. ಕಂಪ್ಯೂಟರ್ ಇದೆ, ಇಂಟರ್ನೆಟ್ ಇದೆ, ಟೈಪಿಂಗ್ ಸ್ಪೀಡ್ ಇದೆ, ಬರೆದ್ರೆ ದುಡ್ಡು ಕೊಡ್ತಾರೆ ಅಂತ ಒಬ್ಬ ಫ್ರೆಂಡ್ ಹೇಳ್ದ, ಸರಿ ನೋಡೇ ಬಿಡೋಣ ಅಂತ ಅಕೌಂಟ್ ಮಾಡಿದೆ.

ಗೊತ್ತಿಲ್ಲದೋರಿಗೆ ಒಂದೆರಡು ಮಾತು. 2016ರಲ್ಲಿ ಸ್ಟೀಮ್ ಅಂತ ಒಂದು ಬ್ಲಾಕ್‌ಚೈನ್ (ಒಬ್ಬರ ಕೈಲಿರದೇ ಸುಮಾರು ಕಂಪ್ಯೂಟರ್‌ಗಳಲ್ಲಿ ಹಂಚಿ ಇಡೋ ಲೆಕ್ಕದ ಪುಸ್ತಕ) ಬಂತು, ಸ್ಟೀಮಿಟ್ ಅನ್ನೋದು ಅದರ ಮೇಲಿನ ವೆಬ್‌ಸೈಟ್. 2020ರಲ್ಲಿ ಸ್ಟೀಮಿಟ್ ಕಂಪನಿನ ಟ್ರಾನ್ ಅನ್ನೋ ಇನ್ನೊಂದು ಬ್ಲಾಕ್‌ಚೈನ್‌ನ ಜಸ್ಟಿನ್ ಸನ್ ಕೊಂಡ್ಕೊಂಡ ಮೇಲೆ ಅಲ್ಲಿದ್ದ ಸುಮಾರು ಜನ ಸಿಟ್ಟಾಗಿ ಅದೇ ವರ್ಷ ಮಾರ್ಚ್ 20ಕ್ಕೆ ಬೇರೆ ಒಲೆ ಹೂಡಿದ್ರು, ಅದೇ ಹೈವ್. ಇಲ್ಲಿ ಜಾಹೀರಾತು ತೋರ್ಸಿ ಅದರಿಂದ ನಮಗೆ ಪಾಲು ಕೊಡೋದಲ್ಲ. ದಿನಾ ಇಷ್ಟು ಅಂತ ಹೊಸ ಹೈವ್ ಕಾಯಿನ್ ಹುಟ್ತಾವೆ, ಅದರಲ್ಲಿ ಒಂದು ಭಾಗ ಬರೆಯೋರಿಗೆ ಅಂತ ಇರುತ್ತೆ, ಯಾರಿಗೆ ಎಷ್ಟು ಅಂತ ಪೋಸ್ಟಿಗೆ ಲೈಕ್ ಒತ್ತಿದಂಗೆ ವೋಟ್ ಹಾಕೋರು ತೀರ್ಮಾನ ಮಾಡ್ತಾರೆ. ಆದ್ರೆ ಎಲ್ಲರ ವೋಟೂ ಸಮ ಅಲ್ಲ, ಯಾರ ಹತ್ರ ಹೈವ್ ಪವರ್ (ಅಂದ್ರೆ ಖಾತೇಲಿ ಕಟ್ಟಿಟ್ಟ ಹೈವ್) ಜಾಸ್ತಿ ಐತೋ ಅವರ ವೋಟಿಗೆ ತೂಕ ಜಾಸ್ತಿ. ನಮ್ಮಂಥ ಹೊಸಬ್ರು ನೂರು ಜನ ಸೇರಿ ಒತ್ತಿದ್ರೂ ಒಂದು ಸೆಂಟ್ ಏರಲ್ಲ, ದೊಡ್ಡ ಕುಳ ಒಬ್ಬ ಬಂದು ಒತ್ತಿದ್ರೆ ಹತ್ತು ಡಾಲರ್.

ಹೈವ್ ಕಲಿಯೋಕೆ ಅಂಗಡಿಗೆ ಬರೋ ಹುಡುಗ್ರಿಗೆ ನಾನು ಮೊದ್ಲು ಹೇಳೋದು ಲೆಕ್ಕ. ಪೋಸ್ಟ್ ಕೆಳಗೆ 4 ಡಾಲರ್ ಅಂತ ಕಾಣ್ತಿದೆ ಅಂದ್ಕೊಳ್ಳಿ, ಅದು ಏಳು ದಿನ ಆದ್ಮೇಲೆ ಸಿಗೋದು, ಅಲ್ಲೀವರೆಗೂ ಏರ್ತಾ ಇಳೀತಾ ಇರುತ್ತೆ. ಅದರಲ್ಲಿ ಅರ್ಧ ವೋಟ್ ಹಾಕಿದೋರಿಗೆ ಹೋಗುತ್ತೆ. ಉಳಿದ 2 ಡಾಲರ್ ನಮ್ದು, ಅದರಲ್ಲೂ ಅರ್ಧ ಎಚ್‌ಬಿಡಿ ಅನ್ನೋ ಡಾಲರ್ ಬೆಲೆಗೆ ಕಟ್ಟಿದ ಕಾಯಿನ್, ಇನ್ನರ್ಧ ಹೈವ್ ಪವರ್. ಈ ಪವರ್ ಬೇಕಂದ ತಕ್ಷಣ ತೆಗೆಯೋಕೆ ಆಗಲ್ಲ, ಪವರ್ ಡೌನ್ ಕೊಟ್ರೆ 13 ವಾರ, ವಾರಕ್ಕೊಂದು ಕಂತಿನ ಹಾಗೆ ಬಿಡುಗಡೆ ಆಗುತ್ತೆ. ಅಂದ್ರೆ 4 ಡಾಲರ್ ಕಂಡಿದ್ದಕ್ಕೆ ಸದ್ಯಕ್ಕೆ ಕೈಗೆ ಬರೋದು 1 ಡಾಲರ್. ಇನ್ನೊಂದು ವಿಷ್ಯ, ಎರಡು ಸೆಂಟಿಗಿಂತ ಕಮ್ಮಿ ಬಂದ ಪೋಸ್ಟಿಗೆ ಏನೂ ಕೊಡಲ್ಲ, ಸೊನ್ನೆ.

ಆ ಸೊನ್ನೆ ಹೆಂಗಿರುತ್ತೆ ಅಂತ ನಂಗೆ ಚೆನ್ನಾಗಿ ಗೊತ್ತು. ಚಿತ್ರದುರ್ಗದ ಕೋಟೆ ಬಗ್ಗೆ ಅಪ್ಪಟ ಕನ್ನಡದಲ್ಲಿ ದೊಡ್ಡದಾಗಿ ಒಂದು ಬರೆದಿದ್ದೆ, ಒನಕೆ ಓಬವ್ವನ ಕಿಂಡಿ ಎಲ್ರಿಗೂ ಗೊತ್ತು ಅದು ಬಿಡ್ರಿ, ನಾನು ಬರೆದದ್ದು ನೀರಿನ ಬಗ್ಗೆ. ಬಂಡೆ ಮೇಲೆ ಬಿದ್ದ ಮಳೆ ನೀರನ್ನ ಹೆಂಗೆ ಹಿಡಿದಿಟ್ರು, ಗೋಪಾಲಸ್ವಾಮಿ ಹೊಂಡ ತುಂಬಿದ್ರೆ ಕೆಳಗಿನ ಅಕ್ಕತಂಗಿಯರ ಹೊಂಡಕ್ಕೆ ಹೆಂಗೆ ಇಳಿಯುತ್ತೆ ಅಂತ, ಮೇಲಿಂದ ಕೆಳಗೆ ನಡ್ಕೊಂಡೇ ಬಂದು ಫೋಟೋ ತೆಗೆದು ಬರೆದಿದ್ದು. ಅದನ್ನೇ ನಮ್ಮ ವಾಟ್ಸಾಪ್ ಗ್ರೂಪಿಗೂ ಹಾಕಿದ್ದೆ, ಅಲ್ಲಿಂದ ಅದು ಎಲ್ಲೆಲ್ಲೋ ಹೋಗಿ ಕೊನೆಗೆ ನಮ್ಮ ಚಿಕ್ಕಪ್ಪನೇ ನನಗೆ ಫಾರ್ವರ್ಡ್ ಮಾಡಿ "ನೋಡಪ್ಪಾ ಯಾರೋ ಎಷ್ಟ್ ಚೆಂದ ಬರ್ದಾರೆ, ನೀನೂ ಕಲಿ" ಅಂದ್ರು. ಹೈವ್‌ನಲ್ಲಿ ಮಾತ್ರ ಎರಡು ಸೆಂಟ್ ದಾಟ್ಲಿಲ್ಲ. ಓದಿದೋರಲ್ಲಿ ಯಾರ ಹತ್ರನೂ ಹೈವ್ ಅಕೌಂಟೇ ಇಲ್ಲ, ಹೈವ್ ಪವರ್ ಇಟ್ಕೊಂಡು ಕೂತೋರಿಗೆ ಕನ್ನಡ ಬರಲ್ಲ, ಇನ್ನೇನ್ ಆಗುತ್ತೆ.

ಇದಾದ್ಮೇಲೆ ಮಂಡಕ್ಕಿ ಭಟ್ಟಿ ಪೋಸ್ಟ್. ನಮ್ಮೂರಿನ ಮಂಡಕ್ಕಿ ಗೊತ್ತಲ್ಲ, ಆ ಭಟ್ಟಿಗೆ ಬೆಳಿಗ್ಗೆ ಬೆಳಿಗ್ಗೆ ಹೋದೆ. ಒಳಗೆ ಹೊಗೆ, ಕಣ್ಣು ಬಿಡೋಕಾಗಲ್ಲ. ದೊಡ್ಡ ಬಾಣಲೆಲಿ ಮರಳು ಕಾದು ಕೂತಿರುತ್ತೆ, ಅದಕ್ಕೆ ಉಪ್ಪು ಹಚ್ಚಿದ ಅಕ್ಕಿ ಒಂದು ಹಿಡಿ ಸುರಿದ್ರೆ ಸಾಕು, ಚಟಚಟ ಅಂತ ಕಣ್ಮುಚ್ಚಿ ತೆಗೆಯೋದ್ರೊಳಗೆ ಅರಳಿ ಬಾಣಲೆ ತುಂಬುತ್ತೆ, ತಕ್ಷಣ ಬಾಚಿ ಜರಡಿಗೆ ಹಾಕಿ ಕುಲುಕಿದ್ರೆ ಮರಳು ಕೆಳಗೆ ಮಂಡಕ್ಕಿ ಮೇಲೆ. ಎರಡು ಸೆಕೆಂಡ್ ತಡ ಆದ್ರೂ ಕೆಂಪಗಾಗಿ ಹೋಗುತ್ತೆ, ಆ ಮನುಷ್ಯನ ಕೈ ನಿಂತಿದ್ದನ್ನೇ ನಾನು ನೋಡ್ಲಿಲ್ಲ. "ಫೋಟೋ ತಗಂಡು ಏನ್ ಮಾಡ್ತೀರಿ ಸರ್, ಪೇಪರ್‌ಗಾ?" ಅಂದ್ರು, ಇಲ್ಲ ಇಂಟರ್ನೆಟ್ಟಿಗೆ ಅಂದೆ, "ಹಂಗಾದ್ರೆ ಹೊಗೆ ಕಾಣ್ದಂಗೆ ತೆಗೀರಿ" ಅಂದ್ರು. ಹೊಗೆ ಕಾಣೋ ಫೋಟೋನೇ ಚೆನ್ನಾಗಿತ್ತು, ಆದ್ರೂ ಅವರ ಮಾತಿಗೆ ಬೆಲೆ ಕೊಟ್ಟು ಹಾಕ್ಲಿಲ್ಲ.

ಈ ಸಲ ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್, ಮಧ್ಯ ಮಧ್ಯ ಫೋಟೋ, ಹಾಕಿದ್ದು ಹೈವ್‌ನ ಒಂದು ಫೋಟೋಗ್ರಫಿ ಕಮ್ಯೂನಿಟಿಲಿ, ಅಂದ್ರೆ ಫೋಟೋ ಆಸಕ್ತರ ಗುಂಪಲ್ಲಿ. ವೆನೆಜುವೆಲಾದಿಂದ ಒಬ್ಬ ಹೆಣ್ಮಗಳು ಮರಳು ಹಲ್ಲಿಗೆ ಸಿಗಲ್ವಾ ಅಂತ ಕೇಳಿದ್ಲು, ನೈಜೀರಿಯಾದ ಒಬ್ರು ಅವರೂರಲ್ಲಿ ಶೇಂಗಾ ಹುರಿಯೋದು ಹಿಂಗೇ ಮರಳಲ್ಲೇ ಅಂತ ಹೇಳಿದ್ರು, ಮಾತು ಬೆಳೀತು. ಆ ಮಾತು ನೋಡಿ ಒಂದು ದೊಡ್ಡ ವೋಟ್ ಬಂತು. ಕೋಟೆ ಪೋಸ್ಟಿಗೆ ಹಾಕಿದ ಶ್ರಮದಲ್ಲಿ ಕಾಲು ಭಾಗನೂ ಇದಕ್ಕೆ ಹಾಕಿರ್ಲಿಲ್ಲ, ಬಂದದ್ದು ಮಾತ್ರ ಅಲ್ಲೀವರೆಗಿನ ಎಲ್ಲಾ ಪೋಸ್ಟಿಗಿಂತ ಜಾಸ್ತಿ.

ಅವತ್ತಿಂದ ಬರೆಯೋದಕ್ಕಿಂತ ಜಾಸ್ತಿ ಹೊತ್ತು ಬೇರೆಯೋರ ಪೋಸ್ಟ್ ಓದಿ ಕಾಮೆಂಟ್ ಹಾಕೋದಕ್ಕೆ ಕೊಡ್ತೀನಿ. ಸುಮ್ನೆ ನೈಸ್ ಪೋಸ್ಟ್ ಅಂತ ಅಲ್ಲ, ಅದನ್ನ ಯಾರೂ ಮೂಸಲ್ಲ, ನಿಜವಾಗ್ಲೂ ಓದಿ ಒಂದು ಪ್ರಶ್ನೆ ಕೇಳ್ಬೇಕು. ಕಾಮೆಂಟಿಗೂ ವೋಟ್ ಬೀಳುತ್ತೆ, ಸಣ್ಣದೇ ಇರ್ಬಹುದು, ಆದ್ರೆ ಹತ್ತು ಜನಕ್ಕೆ ನಮ್ಮ ಹೆಸರು ಗೊತ್ತಾಗುತ್ತೆ, ಆಮೇಲೆ ನಾವು ಏನ್ ಹಾಕಿದ್ರೂ ಬಂದು ನೋಡ್ತಾರೆ. ನಮ್ಮ ವೋಟನ್ನೂ ಲೆಕ್ಕ ಹಾಕಿ ಖರ್ಚು ಮಾಡ್ಬೇಕು, ಒಂದು ಪೂರ್ತಿ ವೋಟ್ ಹಾಕಿದ್ರೆ ವೋಟಿಂಗ್ ಶಕ್ತಿ 2% ಕರಗುತ್ತೆ, ದಿನಕ್ಕೆ 20% ವಾಪಸ್ ತುಂಬುತ್ತೆ, ಅಂದ್ರೆ ದಿನಕ್ಕೆ ಹತ್ತು ವೋಟ್ ಅಂತ ಲೆಕ್ಕ. ಇದನ್ನೆಲ್ಲಾ ನೋಡಿ ನಮ್ಮ ಮನೆಯೋಳು, ಇದು ಬರೆಯೋ ಕೆಲ್ಸನೋ ಎಲೆಕ್ಷನ್ನೋ ಅಂತ ಕೇಳ್ತಾಳೆ, ತಪ್ಪೇನಿಲ್ಲ, ಮುಕ್ಕಾಲು ಎಲೆಕ್ಷನ್ನೇ.

ಎಲೆಕ್ಷನ್ ಅಂದ್ಮೇಲೆ ಜಗಳನೂ ಇರುತ್ತೆ. 2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರು ಹತ್ರದ ವಾಣಿವಿಲಾಸ ಸಾಗರ ಕೋಡಿ ಬಿತ್ತಲ್ಲ, 1933ರಲ್ಲಿ ಬಿದ್ದ ಮೇಲೆ ಅದೇ ಮೊದಲು, 89 ವರ್ಷ ಆದ್ಮೇಲೆ. ಊರಿಗೆ ಊರೇ ಅಲ್ಲಿ ಸೇರಿತ್ತು, ವಯಸ್ಸಾದೋರನ್ನ ಕೈ ಹಿಡಿದು ಕರ್ಕೊಂಡು ಬಂದು ತೋರಿಸ್ತಿದ್ರು. ಅದರ ಫೋಟೋ ಬರಹ ಹಾಕಿದೆ, ಒಂದು ದೊಡ್ಡ ಅಕೌಂಟ್ ಬಂದು ವೋಟ್ ಹಾಕ್ತು, ನಾನು ಯಾವತ್ತೂ ನೋಡದ ಅಂಕಿ ಕಾಣಿಸ್ತು. ಏಳು ದಿನ ಮುಗಿಯೋ ಹಿಂದಿನ ರಾತ್ರಿ ಇನ್ನೊಂದು ದೊಡ್ಡ ಅಕೌಂಟ್ ಬಂದು ಡೌನ್‌ವೋಟ್ (ದುಡ್ಡು ಇಳಿಸೋ ವೋಟ್) ಹೊಡೀತು, ಅಂಕಿ ಹೆಚ್ಚು ಕಮ್ಮಿ ನೆಲ ಕಚ್ತು. ನನ್ನ ಪೋಸ್ಟಲ್ಲಿ ಏನೋ ತಪ್ಪಿತ್ತಾ ಅಂದ್ರೆ ಇಲ್ಲ, ಇಬ್ರಿಗೂ ಮೊದ್ಲಿಂದ ಆಗ್ತಿರ್ಲಿಲ್ಲವಂತೆ, ಆ ಮೊದಲನೆಯವನು ಯಾರಿಗೆ ವೋಟ್ ಹಾಕಿದ್ರೂ ಎರಡನೆಯವನು ಹುಡುಕಿ ಹುಡುಕಿ ಇಳಿಸ್ತಿದ್ದ, ಕೋಣ ಕೋಣ ಗುದ್ದಾಡಿ ಗಿಡ ಸತ್ತಂಗೆ. ಡೌನ್‌ವೋಟ್ ಇರಬೇಕಾದ್ದೇ, ಕದ್ದ ಬರಹ ಕದ್ದ ಫೋಟೋಗೆ ದುಡ್ಡು ಹೋಗೋದನ್ನ ತಡೆಯೋಕೆ ಬೇರೆ ದಾರಿ ಇಲ್ಲ, ಅದನ್ನ ನಾನು ಒಪ್ತೀನಿ. ಆದ್ರೆ ಹಿಂಗೆ ಮಾಡಿದ್ರೆ ಕೇಳೋಕೆ ಅಲ್ಲಿ ಯಾವ ಆಫೀಸೂ ಇಲ್ಲ, ಯಾವ ಸಾಹೇಬ್ರೂ ಇಲ್ಲ. ಯಾರ ಹಿಡಿತದಲ್ಲೂ ಇಲ್ಲ ಅನ್ನೋದೇ ಅದರ ಹೆಚ್ಚುಗಾರಿಕೆ, ನನ್ನಂಥೋನಿಗೆ ಕಷ್ಟ ಆಗೋದೂ ಅದೇ.

ರೂಪಾಯಿ ಮಾಡ್ಕೊಳ್ಳೋದು ಇನ್ನೊಂದು ಗೋಳು. 2021ರ ನವೆಂಬರ್‌ನಲ್ಲಿ ಹೈವ್ 3 ಡಾಲರ್ ದಾಟಿತ್ತು, ಆಗ ನಮ್ಮ ಸರ್ಕಲ್‌ನಲ್ಲಿ ಎಲ್ರೂ ಶ್ರೀಮಂತ್ರೇ. ನಂದು ಬಹುಪಾಲು ಪವರ್‌ನಲ್ಲಿತ್ತು, 13 ವಾರದ ಕಂತು ಬರೋ ಅಷ್ಟೊತ್ತಿಗೆ ಬೆಲೆ ಇಳಿದಿತ್ತು, ಆದ್ರೂ ಬಂದ ದುಡ್ಡಲ್ಲಿ ಅಂಗಡಿಗೊಂದು ಸೆಕೆಂಡ್ ಹ್ಯಾಂಡ್ ಕಲರ್ ಪ್ರಿಂಟರ್ ಆಯ್ತು, ಇವತ್ತಿಗೂ ಓಡ್ತಾ ಐತೆ. ಆಮೇಲೆ ಒಂದ್ಸಲ ಕಾಯಿನ್ ಮಾರಿ ರೂಪಾಯಿ ಮಾಡ್ಕೊಳ್ಳೋಕೆ ನಾನು ಬಳಸ್ತಿದ್ದ ಎಕ್ಸ್‌ಚೇಂಜ್‌ನೋರು ವ್ಯಾಲೆಟ್ ಮೇಂಟೆನೆನ್ಸ್ ಅಂತ ಬೋರ್ಡ್ ಹಾಕಿ ವಾರಗಟ್ಲೆ ಬಾಗ್ಲು ಹಾಕಿದ್ರು, ಮೇಲ್ ಕಳಿಸಿದ್ರೆ ಅದೇ ರೆಡಿಮೇಡ್ ಉತ್ರ. ಅದಕ್ಕೇ ಈಗ ಒಂದೇ ಕಡೆ ನಂಬ್ಕೊಂಡು ಕೂರಲ್ಲ, ಮೊದಲು ಸಣ್ಣ ಮೊತ್ತ ಕಳಿಸಿ ಅದು ತಲುಪಿದ್ಮೇಲೇ ಉಳಿದಿದ್ದು. ಕಳಿಸುವಾಗ ಮೆಮೊ ಅಂತ ಒಂದು ಜಾಗ ಇರುತ್ತೆ, ಅಲ್ಲಿ ಎಕ್ಸ್‌ಚೇಂಜ್ ಕೊಟ್ಟ ನಂಬರ್ ಹಾಕ್ಲೇಬೇಕು, ಬಿಟ್ರೆ ದುಡ್ಡು ಯಾರ ಖಾತೆಗೆ ಅಂತ ಅವರಿಗೆ ಗೊತ್ತಾಗಲ್ಲ.

ತೆರಿಗೆ ವಿಷ್ಯನೂ ಮರೆಯೋ ಹಾಗಿಲ್ಲ. 2022ರ ಏಪ್ರಿಲ್ 1ರಿಂದ ಇಂಥ ಕಾಯಿನ್ ಮಾರಿ ಬಂದ ಲಾಭಕ್ಕೆ 30%, ಜುಲೈ 1ರಿಂದ 1% ಟಿಡಿಎಸ್ ಬೇರೆ, ಒಂದು ಕಾಯಿನ್‌ನಲ್ಲಿ ಆದ ನಷ್ಟ ಇನ್ನೊಂದರ ಲಾಭಕ್ಕೆ ಹೊಂದಿಸೋಕೂ ಬಿಡಲ್ಲ. ನಮ್ಮ ಆಡಿಟರ್ ಹತ್ರ ಹೋಗಿ ಯಾವ ತಾರೀಕು ಎಷ್ಟು ಬಂತು ಅಂತ ಎಕ್ಸೆಲ್ ಶೀಟ್ ಕೊಟ್ಟೆ, ಅವರು ಕನ್ನಡಕ ಏರ್ಸಿ ನೋಡಿ "ಇಷ್ಟೇ ದುಡ್ಡಿಗೆ ಇಷ್ಟ್ ಉದ್ದ ಶೀಟಾ ಮಾರಾಯ" ಅಂದ್ರು.

ಈಗ ನಾನು ಎರಡು ಥರ ಬರೀತೀನಿ. ಫೋಟೋ, ಊಟ ತಿಂಡಿ, ಕೆರೆ, ಜಾತ್ರೆ ಇವು ಎರಡು ಭಾಷೆಲಿ, ಅವು ವೋಟ್ ಹಾಕೋರಿಗೆ. ಕೋಟೆ, ಹಳೇ ಹತ್ತಿ ಮಿಲ್ಲು, ಶಾಸನ ಇಂಥವು ಕನ್ನಡದಲ್ಲೇ, ಅವನ್ನ ಹೈವ್‌ನಲ್ಲಿ ಹಾಕಿ ಲಿಂಕನ್ನ ವಾಟ್ಸಾಪಿಗೆ ಬಿಡ್ತೀನಿ, ಸೊನ್ನೆ ಬಂದ್ರೂ ಬರ್ಲಿ ಅಂತ. ಮೊದಲನೇದು ಎರಡನೇದರ ಇಂಟರ್ನೆಟ್ ಬಿಲ್ ಕಟ್ಟುತ್ತೆ, ಒಳ್ಳೆ ತಿಂಗಳಾದ್ರೆ ಮೇಲೆ ಎರಡು ಬೆಣ್ಣೆ ದೋಸೆ.

ಅಕೌಂಟ್ ಮಾಡ್ಕೊಡಿ ಅಣ್ಣ ಅಂತ ಅಂಗಡಿಗೆ ಬರೋ ಹುಡುಗ್ರಿಗೆ ನಾನು ಮಾಡ್ಕೊಡಲ್ಲ, ಪಕ್ಕ ಕೂತು ಅವರ ಕೈಲೇ ಮಾಡಿಸ್ತೀನಿ. ಓನರ್, ಆಕ್ಟಿವ್, ಪೋಸ್ಟಿಂಗ್, ಮೆಮೊ ಅಂತ ಪಾಸ್‌ವರ್ಡ್ ಥರದ ನಾಕು ಕೀ ಬರ್ತಾವೆ, ದಿನಾ ಲಾಗಿನ್‌ಗೆ ಪೋಸ್ಟಿಂಗ್ ಕೀ ಒಂದೇ ಸಾಕು, ಉಳಿದಿದ್ದು ಯಾರ ಮುಂದೂ ಬಿಚ್ಚಬಾರ್ದು. ಬ್ಯಾಂಕಿನ ಥರ ಪಾಸ್‌ವರ್ಡ್ ಮರ್ತೋಯ್ತು ಅಂತ ಹೋಗಿ ನಿಂತ್ರೆ ಹೊಸದು ಕೊಡೋರು ಯಾರೂ ಇಲ್ಲ. ಅದಕ್ಕೇ ಕೀ ಎಲ್ಲಾ ಪ್ರಿಂಟ್ ತೆಗೆಸಿ, ಫೈಲನ್ನ ಅವರ ಕಣ್ಮುಂದೆನೇ ಡಿಲೀಟ್ ಮಾಡಿ, ರೀಸೈಕಲ್ ಬಿನ್ನೂ ಖಾಲಿ ಮಾಡಿ ತೋರಿಸ್ತೀನಿ. ಹೇಳ್ಕೊಟ್ಟಿದ್ದಕ್ಕೆ ಏನೂ ತಗೊಳಲ್ಲ, ಪ್ರಿಂಟಿನ ದುಡ್ಡು ಮಾತ್ರ ಬಿಡಲ್ಲ.