ಉಳುವ ಮುಂಚೆ ಮಣ್ಣಿಗೆ ಒಂದು ಲೀಟರ್ ನೀರು ಸುರಿದು ನೋಡಿ

ಬೆಂಗಳೂರಿನ ಆಸುಪಾಸು, ಹೊಸಕೋಟೆ, ದೇವನಹಳ್ಳಿ ಕಡೆ ಹೊಲ ಇದ್ದರೆ ನಿಮ್ಮದು ಬಹುಶಃ ಕೆಂಪು ಮಣ್ಣು. ಅದನ್ನು ರೋಟವೇಟರ್‌ನಲ್ಲಿ ಮೂರು ಸಲ ಹೊಡೆದು ಹಿಟ್ಟು ಮಾಡಿದರೆ ನೋಡಲು ಚೆನ್ನಾಗಿರುತ್ತದೆ. ಆದರೆ ಮೊದಲ ಜೋರು ಮಳೆಗೇ ಆ ಪುಡಿ ಸಂದುಗಳನ್ನೆಲ್ಲ ಮುಚ್ಚಿ, ಒಣಗಿದ ಮೇಲೆ ಹಪ್ಪಳದ ಥರ ಗಟ್ಟಿಯಾಗುತ್ತದೆ, ಆಮೇಲೆ ಬಿದ್ದ ನೀರು ಇಳಿಯದೆ ಹರಿದು ಹೋಗುತ್ತದೆ, ರಾಗಿ ಮೊಳಕೆ ಮೇಲೆ ಬರಲು ಒದ್ದಾಡುತ್ತದೆ.

ಅದಕ್ಕೇ ಮೊದಲು ಪರೀಕ್ಷೆ ಮಾಡಿ. ಹಳೇ ಪೇಂಟ್ ಡಬ್ಬದ ತಳ ಕತ್ತರಿಸಿ, ಎರಡು ಇಂಚು ಮಣ್ಣಿಗೆ ಇಳಿಸಿ, ಒಂದು ಲೀಟರ್ ನೀರು ಸುರಿದು ಟೈಮ್ ನೋಡಿ. ಅದೇ ದಿನ ಬದುವಿನ ಹುಲ್ಲಿನ ಜಾಗದಲ್ಲೂ ಹೀಗೇ ಮಾಡಿ. ಬದುವಿನಲ್ಲಿ ಸರಸರ ಇಳಿದು ಹೊಲದಲ್ಲಿ ನಿಂತೇ ಇದ್ದರೆ ನೀರಿನ ದಾರಿ ಮುಚ್ಚಿದೆ ಅಂತಲೇ ಅಲ್ವಾ?

ಆಮೇಲೆ ಒಂದೂವರೆ ಅಡಿ ಗುಂಡಿ ತೋಡಿ, ಗೋಡೆಗೆ ಚಾಕು ಚುಚ್ಚುತ್ತಾ ಕೆಳಗೆ ಬನ್ನಿ. ವರ್ಷವೂ ಒಂದೇ ಆಳಕ್ಕೆ ಉತ್ತಿದ್ದರೆ ನೇಗಿಲು ತಾಗುವ ಜಾಗದ ಕೆಳಗೆ ಚಾಕು ತಡೆಯುತ್ತದೆ, ಬೇರುಗಳೂ ಅಲ್ಲೇ ಅಡ್ಡಕ್ಕೆ ತಿರುಗಿರುತ್ತವೆ. ಆ ಗಟ್ಟಿ ಪದರ ಸಿಕ್ಕಿದರೆ ಮಾತ್ರ ಅದನ್ನು ಆಳಕ್ಕೆ ಸೀಳುವ ಚಿಸೆಲ್ ನೇಗಿಲು ಹಾಕಿಸಿ, ಅದೂ ಮಣ್ಣು ಒಣಗಿದಾಗ.

ಇಲ್ಲದಿದ್ದರೆ ಹದ ನೋಡಿ ಒಂದೇ ಸಲ, ಇಳಿಜಾರಿಗೆ ಅಡ್ಡವಾಗಿ ಉತ್ತರೆ ಸಾಕು. ಮುಷ್ಟಿಯಲ್ಲಿ ಕಟ್ಟಿದ ಉಂಡೆ ಬೆರಳು ತಾಗಿದರೆ ಉದುರಬೇಕು, ಕೈಗೆ ಅಂಟಬಾರದು. ಒದ್ದೆ ಹೊಲಕ್ಕೆ ದಯವಿಟ್ಟು ಟ್ರ್ಯಾಕ್ಟರ್ ಇಳಿಸಬೇಡಿ, ಚಕ್ರದ ಭಾರಕ್ಕೇ ಮಣ್ಣು ಒತ್ತಿಹೋಗುತ್ತದೆ. ಸಣ್ಣ ಹೆಂಟೆಗಳು ಹಾಗೇ ಇರಲಿ. ಕೊಯ್ಲಾದ ಮೇಲೆ ಉಳಿದ ಕೂಳೆ ಸುಡಬೇಡಿ, ಅದು ಮಳೆ ಹನಿಯ ಹೊಡೆತ ತಡೆಯುತ್ತದೆ, ಅದರಡಿ ಎರೆಹುಳು ಕೊರೆದ ತೂತುಗಳಲ್ಲೇ ನೀರು ಆಳಕ್ಕೆ ಇಳಿಯುತ್ತದೆ.